ಕೊಡದೆ ಇಟ್ಟುಕೊಂಡ ಸೀಟು

ಗ್ಯಾರೇಜಿನ ಮೇಸ್ತ್ರಿಯವರ ಬಲಗಿವಿಯ ಮೇಲೆ ಯಾವಾಗಲೂ ಗ್ರೀಸಿನ ಕಪ್ಪು ಗುರುತಿರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ ನಿಲ್ಲುವುದು ಅವರ ಪರೀಕ್ಷೆಯ ಕ್ರಮ. ಆಗ ಯಾರೂ ಉಸಿರೆತ್ತುವಂತಿರಲಿಲ್ಲ. ಕಣ್ಣು ಬಿಟ್ಟವರು ನಕ್ಕರೆ ಗಾಡಿ ಬದುಕಿತು ಎಂದರ್ಥ. ನನ್ನ ಜೀಪಿಗೆ ಕಿವಿಯಿಟ್ಟ ದಿನ ಅವರು ನಗಲಿಲ್ಲ.

ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದ ಕ್ರಿಶ್ಚಿಯನ್ ಮನೆತನ ಅವರದು. ಸಕಲೇಶಪುರದ ಅವರ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಲಗೆಯ ಮೊಳೆಗೇ ಜಪಮಾಲೆಯೂ ನೇತಾಡುತ್ತಿತ್ತು. ಊರೆಲ್ಲ ಮೇಸ್ತ್ರಿ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ನನ್ನ ಯಜಮಾನರು ತೀರಿಕೊಂಡ ಮೇಲೆ ಹೆತ್ತೂರಿನಾಚೆಯ ತೋಟದ ಜೊತೆಗೆ ಅವರ ಫೋರ್‌ವ್ಹೀಲ್ ಜೀಪೂ ನನ್ನ ಪಾಲಿಗೆ ಬಂತು. ಪೆಟ್ರೋಲ್ ಕುಡಿಯುವ ಮುದಿ ಜೀಪು. ತೋಟದ ಕಡಿದಾದ ದಾರಿಯಲ್ಲಿ ಕೆಲಸದ ಎಂಟು ಹೆಂಗಸರನ್ನು ಬೆಳಿಗ್ಗೆ ಹತ್ತಿಸಿಕೊಂಡು ಬಂದು ಸಂಜೆ ಇಳಿಸುವುದು ಅದೇ. ಬರುಬರುತ್ತಾ ಇಳಿಜಾರಿನಲ್ಲಿ, ಎಂಜಿನ್ನಿನ ಶಕ್ತಿಯನ್ನು ನಾಲ್ಕೂ ಚಕ್ರಕ್ಕೆ ಕೊಡುವ ಅದರ ಫೋರ್‌ವ್ಹೀಲ್ ಲಿವರು ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬೀಳತೊಡಗಿತ್ತು.

"ರಿಪೇರಿ ಮಾಡೋಣ ಅಂದ್ರೆ ಒಳಗಿನ ಹಲ್ಲು ಸವೆದು ಹೋಗೈತೆ, ಸಾಮಾನು ಸಿಗಲ್ಲ. ಮಾರಿಬುಡಿ ಅಮ್ಮಾ, ಬೇರೆ ತಗಳ್ಳಿ" ಎಂದರು ಮೇಸ್ತ್ರಿ.

"ಡೀಸೆಲ್ ಎಂಜಿನ್ ಕೂರಿಸಿದ್ರೆ? ಎಲ್ಲರೂ ಅದನ್ನೇ ಮಾಡ್ತಿದಾರಲ್ಲ."

"ಹತ್ತೋದು ಯಾವ ಗಾಡಿಯಾದ್ರೂ ಹತ್ತುತ್ತೆ. ಇಳಿಯೋದನ್ನ ಕೇಳಿ ಮಾರಾಯ್ರೆ. ಭಾರದ ಎಂಜಿನ್ನು, ಹಳೇ ಬ್ರೇಕು. ಲಿವರ್ ಹಾರಿದ್ರೆ ಯಾವ ಚಕ್ರಾನೂ ಎಂಜಿನ್ ಮಾತು ಕೇಳಲ್ಲ."

ನನಗೆ ಸಿಟ್ಟು ಬಂತು. ನಮ್ಮವರ ಕೈಯ ಬೆವರು ಆ ಸ್ಟೀರಿಂಗಿನಲ್ಲಿತ್ತು, ಅದನ್ನು ಗುಜರಿಯವನಿಗೆ ಕೊಡಲು ನನ್ನಿಂದಾಗುತ್ತಿರಲಿಲ್ಲ. ಬೇರೆ ಊರಿನ ಗ್ಯಾರೇಜಿನಲ್ಲಿ ಡೀಸೆಲ್ ಎಂಜಿನ್ ಹಾಕಿಸಿದೆ. ಜೀಪು ಆನೆಯಂತೆ ಎಳೆಯಿತು. ಲಿವರು ಮಾತ್ರ ಹಾರುವುದನ್ನು ಬಿಡಲಿಲ್ಲ. ನಮ್ಮ ಡ್ರೈವರ್ ಸೈಕಲ್ ಟ್ಯೂಬಿನ ಪಟ್ಟಿಯಿಂದ ಅದನ್ನು ಬಿಗಿದು ಕಟ್ಟಿದ. ನಮ್ಮ ಕಡೆ ಅರ್ಧ ಜೀಪುಗಳು ಹಾಗೇ ಓಡುತ್ತಿದ್ದವು, ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಮಳೆಗಾಲದ ಮೊದಲು ಹಿಂದಿನ ಬೆಂಚ್ ಸೀಟುಗಳ ಬೋಲ್ಟು ಸಡಿಲವಾಗಿತ್ತು. ನಾಚಿಕೆ ಬಿಟ್ಟು ಮೇಸ್ತ್ರಿಯ ಬಳಿಗೇ ಹೋದೆ. ಅವರು ಟ್ಯೂಬಿನ ಪಟ್ಟಿಯನ್ನು ಬೆರಳಲ್ಲಿ ಎಳೆದು ನೋಡಿದರು. ಸ್ಕ್ರೂಡ್ರೈವರ್ ಕಿವಿಗಿಟ್ಟು ತುಂಬ ಹೊತ್ತು ನಿಂತರು.

"ಹತ್ತೋವಾಗ ಎಳೀತೈತೆ. ಇಳಿಯೋವಾಗ ಹಿಡಿಯಲ್ಲ" ಎಂದಷ್ಟೇ ಹೇಳಿ ಎರಡೂ ಸೀಟು ಬಿಚ್ಚಿ ಒಳಗಿಟ್ಟರು. "ತುಕ್ಕು ತಿಂದೈತೆ. ಸರಿ ಮಾಡಿ ಕೊಡ್ತೀನಿ. ಬರೋ ವಾರ ಬನ್ನಿ."

ಬರುವ ವಾರ ಹೋದರೆ ಪೇಂಟ್ ಒಣಗಿರಲಿಲ್ಲ. ಅದರ ಮುಂದಿನ ವಾರ ಬೋಲ್ಟ್ ಬಂದಿರಲಿಲ್ಲ. ಒಂದು ವಾರ ಮೈ ಸರಿಯಿರಲಿಲ್ಲ, ಇನ್ನೊಂದು ವಾರ ಕರೆಂಟಿರಲಿಲ್ಲ. ಹೇಳಿದ ದಿನಕ್ಕೆ ಗಾಡಿ ಕೊಡುತ್ತಿದ್ದ ಮನುಷ್ಯ ನನಗೆ ಮಾತ್ರ ಕುಂಟುನೆಪ ಹೇಳುತ್ತಿದ್ದರು. ಎಂಜಿನ್ನಿನ ಕೆಲಸ ಬೇರೆಯವರಿಗೆ ಕೊಟ್ಟದ್ದರ ಹಗೆ ಎಂದುಕೊಂಡೆ, ಬಾಯಿಗೆ ಬಂದಂತೆ ಅಂದೂ ಬಂದೆ. ಸೀಟಿಲ್ಲದ ಜೀಪಿನಲ್ಲಿ ಗೊಬ್ಬರದ ಚೀಲ ಮಾತ್ರ ಓಡಾಡಿತು. ಹೆಂಗಸರು ಮಳೆಗೆ ತಲೆ ಮೇಲಿಂದ ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು ಕಾಲುದಾರಿಯಲ್ಲಿ ನಡೆದರು. "ಆ ಮೇಸ್ತ್ರಿ ಕಾಲು ಸೇದಿಹೋಗ್ಲಿ" ಎಂದು ಅವರಲ್ಲಿ ಹಿರಿಯವಳು ದಿನಾ ಶಪಿಸುತ್ತಿದ್ದಳು.

ಮಳೆ ಹಿಡಿದ ಒಂದು ಸಂಜೆ, ಕೆಲಸ ಬಿಡುವ ಹೊತ್ತು. ಡ್ರೈವರ್ ಖಾಲಿ ಜೀಪನ್ನು ಕೆಳಗಿಳಿಸುತ್ತಿದ್ದ. ಎರಡನೇ ತಿರುವಿಗೆ ಮುಂಚೆ ಟ್ಯೂಬಿನ ಪಟ್ಟಿ ಕಿತ್ತುಹೋಯಿತು, ಲಿವರು ಹಾರಿತು. ಬ್ರೇಕು ಒತ್ತಿದಷ್ಟೂ ಕೆಸರಿನಲ್ಲಿ ಜಾರಿತು. ಅವನು ಹೊರಕ್ಕೆ ಹಾರಿ ಭುಜದ ಮೂಳೆ ಮುರಿದುಕೊಂಡ. ಕಾಲುದಾರಿಯಲ್ಲಿ ನಿಂತ ಎಂಟು ಹೆಂಗಸರ ಕಣ್ಣೆದುರೇ ಜೀಪು ಮಗುಚಿಕೊಂಡು ಹಳ್ಳಕ್ಕೆ ಬಿತ್ತು. ನಾನು ಓಡಿ ಬಂದಾಗ ಅವರು ಡ್ರೈವರನ್ನು ಎತ್ತಿ ಕೂರಿಸುತ್ತಿದ್ದರು.

ಮರುದಿನ ಮೇಸ್ತ್ರಿ ಬಂದರು. ಹಳ್ಳದ ಅಂಚಿಗೆ ನಿಂತು ಕೆಳಗೆ ನೋಡಿದರು. "ನಾನು ಹೇಳಿರಲಿಲ್ಲವೇ" ಎಂದು ಚುಚ್ಚಲಿಲ್ಲ. "ಹಿಂದೆ ಯಾರೂ ಇರ್ಲಿಲ್ಲ ಅಲ್ವಾ?" ಎಂದರು. ಇರಲಿಲ್ಲ ಎಂದೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದನ್ನೇ ಕೇಳಿದರು. ಯಾಕೆ ಕೇಳುತ್ತಾರೆಂದು ಆಗಲೂ ನನಗೆ ಹೊಳೆಯಲಿಲ್ಲ ಎಂದು ಬರೆಯುವಾಗ ಈಗ ನಾಚಿಕೆಯಾಗುತ್ತದೆ.

ಎರಡು ವರ್ಷ ಕಳೆದು ಅವರು ಎದೆನೋವಿನಿಂದ ತೀರಿಕೊಂಡರು. ಮಣ್ಣು ಮಾಡಿದ ಮೇಲೆ ಅವರ ಹೆಂಡತಿ ನನ್ನನ್ನು ಗ್ಯಾರೇಜಿನ ಒಳಕೋಣೆಗೆ ಕರೆದರು. "ನಿಮ್ದೊಂದು ಸಾಮಾನು ಐತೆ ಅಮ್ಮಾ." ಗೋಣಿಚೀಲ ಸುತ್ತಿದ ಎರಡು ಬೆಂಚ್ ಸೀಟು. ಪೇಂಟು ಹೊಡೆದೇ ಇರಲಿಲ್ಲ. ಎಲ್ಲೂ ತುಕ್ಕಿರಲಿಲ್ಲ. ಬೋಲ್ಟುಗಳು ಎಣ್ಣೆ ಹಚ್ಚಿದ ಡಬ್ಬಿಯಲ್ಲಿದ್ದವು.

"ಕೊಟ್ಬುಡಿ, ಬೈತಾರೆ ಅಂತ ನಾನೂ ಹೇಳ್ದೆ" ಎಂದರು ಆಕೆ. "ಬೈಲಿ ಬಿಡು, ಸೀಟ್ ಕೊಟ್ರೆ ಆ ಜೀಪಲ್ಲಿ ಜನ ಕೂರಿಸ್ತಾರೆ ಅಂದ್ರು."

ಸೀಟುಗಳನ್ನು ತಂದು ಸ್ಟೋರಿನ ಜಗಲಿಯಲ್ಲಿ ಹಾಕಿಸಿದೆ. ಕೆಲಸದ ಹೆಂಗಸರು ಅವುಗಳ ಮೇಲೆ ಕೂತೇ ಕಾಫಿ ಕುಡಿಯುತ್ತಾರೆ. ಯಾರ ಗ್ಯಾರೇಜಿನಿಂದ ಬಂದವು, ಯಾಕೆ ಅಲ್ಲೇ ಉಳಿದಿದ್ದವು ಎಂದು ಮೊದಲ ದಿನವೇ ಹೇಳಿದೆ. ಶಪಿಸುತ್ತಿದ್ದ ಹಿರಿಯವಳು ಲೋಟ ಹಿಡಿದುಕೊಂಡೇ ಎದ್ದು ನಿಂತಳು. ಅವಳು ಇವತ್ತಿಗೂ ನಿಂತೇ ಕಾಫಿ ಕುಡಿಯುತ್ತಾಳೆ, ನಾನೂ ಅವಳ ಪಕ್ಕ ನಿಲ್ಲುತ್ತೇನೆ.