ಬಟ್ಟೆ ಒಗೆದ ಐವರ ಗೋಡೆ

ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ನಮ್ಮ ಡ್ರೈ ಫೋರ್ಕಿನ ಗೋಡೆಗಳಿಗೆ ಕಣ್ಣು, ಮೂಗು, ಟೋಪಿ ಎಲ್ಲ ಇವೆ. ನೆವಾಡದ ಈ ಪುಟ್ಟ ಊರಿನಲ್ಲಿ ಹದಿನೇಳು ಗೋಡೆಚಿತ್ರಗಳು. ಒಂದೊಂದರಲ್ಲೂ ಇರುವವರು ಯಾರದೋ ಮನೆಯ ಅಜ್ಜ, ಅತ್ತೆ, ಸೋದರಮಾವ. ನೋಡಲು ಬಂದವರನ್ನು ಸುತ್ತಾಡಿಸುವವಳು ಗ್ರಾಸಿಯಾನ ಉರುಟಿ. ವಯಸ್ಸು ಎಪ್ಪತ್ತೊಂದು. ಮಂಡಿ ಒಂದೇ ಸ್ವಂತದ್ದು, ನಾಲಗೆ ಪೂರ್ತಿ ಸ್ವಂತದ್ದು. ಬ್ಯಾಂಕಿನ ಗೋಡೆಯ ಕೌಬಾಯ್ ಮುಂದೆ ನಿಂತು, ಈ ಮಹಾನುಭಾವ ಬದುಕಿದ್ದಾಗ ಕುದುರೆಯಿಂದ ಬೀಳದ ದಿನವಿರಲಿಲ್ಲ, ಗೋಡೆ ಹತ್ತಿದ ಮೇಲೆಯೇ ಜೀನಿನ ಮೇಲೆ ಗಟ್ಟಿಯಾಗಿ ಕೂತದ್ದು ಎಂದು ಪರಿಚಯಿಸುತ್ತಾಳೆ.

ಕೊನೆಗೆ ಬರುವುದು, ಸ್ಪೇನ್ ಕಡೆಯಿಂದ ವಲಸೆ ಬಂದ ಬಾಸ್ಕ್ ಜನರ ಹಳೆಯ ವಸತಿಗೃಹದ ಪಕ್ಕದ ಗೋಡೆ. ಚಳಿಗಾಲದಲ್ಲಿ ಬೆಟ್ಟ ಇಳಿದು ಬರುತ್ತಿದ್ದ ಕುರಿ ಕಾಯುವವರು ತಂಗುತ್ತಿದ್ದದ್ದು ಅಲ್ಲಿ. ಅವರ ಹಾಸಿಗೆಬಟ್ಟೆ ಒಗೆದ ಐವರು ಹೆಂಗಸರು ಗೋಡೆಯ ಮೇಲೆ ಸಾಲಾಗಿ ನಿಂತು ಬಿಳಿ ದುಪ್ಪಟಿ ಹರವುತ್ತಿದ್ದಾರೆ. ನಡುವಿನವಳು ಗ್ರಾಸಿಯಾನಳ ತಾಯಿ ಮೈತೆ; ಉಳಿದ ನಾಲ್ವರ ಮನೆಯವರು ಯಾರೂ ಈಗ ಊರಲ್ಲಿಲ್ಲ. ಅಲ್ಲಿ ಮಾತ್ರ ಗ್ರಾಸಿಯಾನ ಜೋಕು ಮಾಡುವುದಿಲ್ಲ.

ನಮ್ಮಲ್ಲೊಂದು ಕಟ್ಟಳೆ. ಮೇ ತಿಂಗಳ ಮೊದಲ ಶನಿವಾರ, ಚಿತ್ರದಲ್ಲಿರುವವರ ಮನೆಯವರೇ ಬಂದು ತಮ್ಮವರಿಗೆ ಹೊಸ ಬಣ್ಣ ಕೊಡಬೇಕು. ಇಲ್ಲಿನ ಬಿಸಿಲಿಗೆ ಎಂಥ ಕೆಂಪು ಮುಖದವನಿಗೂ ಒಂದೇ ವರ್ಷದಲ್ಲಿ ಕಾಮಾಲೆ. ಮಧ್ಯಾಹ್ನ ಹನ್ನೆರಡರೊಳಗೆ ಯಾರೂ ಕುಂಚ ಮುಟ್ಟಿಸದ ಚಿತ್ರ ಅನಾಥ. ಗೋಡೆಯ ಯಜಮಾನ ಅದಕ್ಕೆ ಸುಣ್ಣ ಹೊಡೆಯಬಹುದು. ನಗರಸಭೆಯ ಓಪಲ್ ಟಿಬೆಟ್ಸ್ ನಿಯಮದ ಪುಸ್ತಕ ಹಿಡಿದು ಊರೆಲ್ಲ ಸುತ್ತಿ ಗುರುತು ಹಾಕಿಕೊಳ್ಳುತ್ತಾಳೆ.

ಕಳೆದ ಚಳಿಗಾಲ ಆ ವಸತಿಗೃಹವನ್ನು ವೆಂಡೆಲ್ ಕ್ರೆಬ್ಸ್ ಕೊಂಡ. ಐವರನ್ನು ಇಳಿಸಿ ಅಲ್ಲಿ ತನ್ನ ಟೈರ್ ಅಂಗಡಿಯ ಜಾಹೀರಾತು ಬರೆಸುವುದು ಅವನ ಆಸೆ. ಅಂಚೆ ಕಚೇರಿಯ ಗೋಡೆಯ ಮೇಲಿರುವ ತನ್ನ ತಾತನಿಗೆ ಮಾತ್ರ ಪ್ರತಿವರ್ಷ ಮೂರು ಕೋಟು ಬಣ್ಣ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆಯನ್ನು ಇಷ್ಟು ಶ್ರದ್ಧೆಯಿಂದ ನಡೆಸಿದವನನ್ನು ನಾನು ಬೇರೆ ಕಂಡಿಲ್ಲ. ಏಪ್ರಿಲ್‌ನಲ್ಲಿ ಗೋಡೆಯಿಂದ ಹನ್ನೆರಡು ಅಡಿ ದೂರಕ್ಕೆ, ರಸ್ತೆಯ ಅಂಚಿನಲ್ಲಿ, ತಂತಿಬೇಲಿ ಹಾಕಿ ಬೀಗ ಜಡಿದ. ಜಾಗ ಅವನದು, ಯಾರೂ ಏನೂ ಅನ್ನುವಂತಿಲ್ಲ. ಗ್ರಾಸಿಯಾನ ಹೋಗಿ ಒಂದು ಬೆಳಗ್ಗೆಯ ಮಟ್ಟಿಗೆ ಬೀಗದ ಕೈ ಕೇಳಿದಳು. ದುಪ್ಪಟಿಯೂ ಬಿಳಿ, ಸುಣ್ಣವೂ ಬಿಳಿ, ಬಿಡಿ ಗ್ರಾಸಿಯಾನ, ಗೊತ್ತೇ ಆಗಲ್ಲ ಎಂದು ಅವನು ನಕ್ಕನಂತೆ. ಅವಳು ನೇರ ಮನೆಗೆ ಹೋಗಿ ಪೊರಕೆಯ ಕಡ್ಡಿ ಕೀಳುತ್ತಾ ಕೂತಳು ಎಂದು ಕೇಳಿದಾಗಲೇ ನಮಗೆ ಭಯವಾದದ್ದು.

ಶನಿವಾರ ಹನ್ನೊಂದಕ್ಕೆ ಅವಳ ಪಿಕಪ್ ಗಾಡಿ ಬೇಲಿಗೆ ಅಂಟಿಕೊಂಡು ನಿಂತಿತು. ಹಿಂಬದಿ ಹತ್ತಿ, ಸೇಬಿನ ಮರ ಸವರುವ ಉದ್ದ ಕೋಲಿನ ತುದಿಗೆ ಕಡ್ಡಿ ಕಿತ್ತ ಪೊರಕೆಯ ಉದ್ದ ಹಿಡಿಯನ್ನು ಬಿಗಿದಳು. ಅದರ ತುದಿಗೆ ಕುಂಚ. ನಾನು ಹಿಂದಿನಿಂದ ಅವಳ ಬೆಲ್ಟು ಹಿಡಿದು ನಿಂತೆ. ಕೋಲು ಗಾಳ ಹಾಕಿದ ಹಾಗೆ ತೂಗಿತು. ಮೊದಲ ಮೂರು ಸಲ ಗೋಡೆಯೇ ಸಿಗಲಿಲ್ಲ, ನಾಲ್ಕನೆಯದು ಕ್ರೆಬ್ಸನ ಬೇಲಿಗೆ ಬಿತ್ತು. ಅವನು ರಸ್ತೆಗೆ ಕುರ್ಚಿ ತಂದು ಹಾಕಿಕೊಂಡು ಗಡಿಯಾರ ನೋಡುತ್ತಾ ಕೂತಿದ್ದ. ಸುತ್ತ ನಲವತ್ತು ಜನ ಸೇರಿದ್ದರು. ಇಳಿದುಬಿಡು ಎಂದೆ; ಬೆಲ್ಟು ಸರಿಯಾಗಿ ಹಿಡಿ ಎಂದಳು.

ಹನ್ನೆರಡಕ್ಕೆ ನಾಲ್ಕು ನಿಮಿಷವಿದ್ದಾಗ ಕುಂಚ ಮೈತೆಯ ಮುಖ ಮುಟ್ಟಿತು. ಕೆನ್ನೆಗೆಂದು ಕಲಸಿದ್ದ ಕೆಂಪು ಹಣೆಯಿಂದ ಗದ್ದದವರೆಗೆ ಅಡ್ಡಾದಿಡ್ಡಿ ಹರಿಯಿತು.

ಕ್ರೆಬ್ಸ್ ಎದ್ದ. "ನೋಡಿದ್ಯಾ ಓಪಲ್? ಇದು ಬಣ್ಣ ಕೊಟ್ಟಿದ್ದಲ್ಲ, ಕೆಡಿಸಿದ್ದು. ಹಾಗಂತ ಬರ್ಕೋ."

ಓಪಲ್ ಕನ್ನಡಕ ಏರಿಸಿ ಪುಸ್ತಕ ತಿರುವಿದಳು. "ಮನೆಯವರ ಕೈಯಿಂದ ಬಣ್ಣ ಬೀಳಬೇಕು ಅಂತಷ್ಟೇ ಇದೆ. ಚೆನ್ನಾಗಿರಬೇಕು ಅಂತ ಇದ್ದಿದ್ರೆ ನಿಮ್ಮ ತಾತ ಯಾವತ್ತೋ ಇಳೀಬೇಕಿತ್ತು, ವೆಂಡೆಲ್." ಗುರುತು ಹಾಕಿದಳು.

ಗ್ರಾಸಿಯಾನ ಕೋಲು ಇಳಿಸಲಿಲ್ಲ. "ನಮ್ಮಮ್ಮನ ಮುಖ ನಾನು ಕೆಡಿಸ್ಕೋತೀನಿ ಕಣೋ. ಅಳಿಸೋಕೆ ನೀನ್ಯಾರು?"

ಬರುವ ವರ್ಷ ಬೇಲಿಯನ್ನು ಇಪ್ಪತ್ತಡಿ ಎತ್ತರ ಮಾಡಿಸುತ್ತೇನೆ ಎಂದ ಅವನು.

"ಮಾಡಿಸು ಮರಿ," ಎಂದಳು ಗ್ರಾಸಿಯಾನ, ಕುಂಚ ಮತ್ತೆ ಡಬ್ಬಿಗೆ ಅದ್ದುತ್ತಾ. "ಮನೇಲಿ ಇನ್ನೂ ಪೊರಕೆಗಳಿವೆ."