ಈಗ ತಾನೇ ಇಳಿದ ಮೀನು

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಯಾರೂ ಬಿಡಿಸಲಿಲ್ಲ, ನಾನಾಗಿಯೇ ಬಿಟ್ಟೆ. ಅವ್ವನ ಹಿಂದೆ ಸಂತೆಗೆ ಹೋಗುವುದೆಂದರೆ ನನಗೆ ಅಷ್ಟು ಹುಚ್ಚು. ಸುರಪುರ, ಹುಣಸಗಿ, ಕಕ್ಕೇರಾ, ಎಲ್ಲಿ ಸಂತೆಯೋ ಅಲ್ಲಿ ನಮ್ಮ ಕಾಯಿಪಲ್ಲೆ ಬುಟ್ಟಿ. ಹನ್ನೆರಡು ವರ್ಷ ತುಂಬುವುದರೊಳಗೆ ಬದನೆಕಾಯಿಯನ್ನು ಮುಟ್ಟದೆ, ಬರೀ ನೋಡಿ, ಅದು ಇವತ್ತು ಕೊಯ್ದದ್ದೋ ನಿನ್ನೆಯದೋ ಹೇಳುತ್ತಿದ್ದೆ. ಆ ಜಾಣತನವನ್ನು ನಂಬಿಯೇ ನನ್ನ ಅಕ್ಕನಿಗೆ ಒಂದು ಅನ್ಯಾಯ ಮಾಡಿದೆ. ಅದನ್ನು ಬಾಯಲ್ಲಿ ಒಮ್ಮೆ ಹೇಳಿಯಾಗಿದೆ. ಈಗ ಬರೆದೂ ಇಡುತ್ತಿದ್ದೇನೆ.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಪಿಯುಸಿ ಓದಿದವಳು. ಶಹಾಪುರದಲ್ಲಿ ಅವಳದೊಂದು ಅಂಗಡಿ. ಮುಂದೆ ಕೋಳಿಮರಿ ಆಹಾರ, ನಾಯಿ ಬೆಲ್ಟು, ಪಂಜರದಲ್ಲಿ ಲವ್‌ಬರ್ಡ್ಸ್. ಹಿಂದಿನ ಗೋಡೆಗೆ ಸಾಲಾಗಿ ಮೀನಿನ ಗಾಜಿನ ಪೆಟ್ಟಿಗೆಗಳು. ಕಾಲುವೆ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಯಾದ ಮೇಲೆ ನಮ್ಮ ಕಡೆ ಹೊಸ ಮನೆಗಳು ಎದ್ದವು. ಹೊಸ ಮನೆಯ ಪಡಸಾಲೆಯಲ್ಲಿ ಟಿವಿ ಪಕ್ಕ ಮೀನು ಇಡುವ ಶೋಕಿಯೂ ಬಂತು. ಗಿರಾಕಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಮೀನಿನ ಜೀವಕ್ಕೆ. ತಿಂಗಳಿಗೊಮ್ಮೆ ಗಾಡಿಯಲ್ಲಿ ಬರುತ್ತಿದ್ದ ಮೀನು ಗಿರಾಕಿಯ ಮನೆ ಸೇರಿ ಎಂಟು ದಿನದಲ್ಲಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಮುದನಾಳದ ಮಾಸ್ತರರೊಬ್ಬರು ಬಂದು, "ಅಕ್ಕಾರ, ನಿಮ್ಮ ಮೀನು ಸಾಯಾಕಂತನ ನಮ್ಮ ಮನೀಗಿ ಬರ್ತಾವೇನ್ರಿ? ನಿಮ್ಮ ಅಂಗಡ್ಯಾಗ ಸಾಯಾಕ ಜಾಗ ಸಾಲವಲ್ದೇನು?" ಅಂದಿದ್ದರು. ನಾನು ನಕ್ಕೆ. ಅಕ್ಕ ನಗಲಿಲ್ಲ.

ಅವತ್ತಿನಿಂದ ಅವಳಿಗೆ ಒಂದೇ ಹಟ. ನಮ್ಮ ನೀರಲ್ಲೇ ಹುಟ್ಟಿದ ಮೀನು ಮಾರಬೇಕು. ನಾಲ್ಕು ಏಂಜಲ್ ಮೀನುಗಳನ್ನು ಮರಿಯಿಂದ ಸಾಕಿದಳು. ಅಂಗೈಯಗಲ ಬೆಳೆದವು. ಅದರಲ್ಲಿ ಎರಡು ಜೋಡಿಯಾಗಿ ಎಲೆಯ ಮೇಲೆ ಮೊಟ್ಟೆ ಇಟ್ಟವು. ಬೋರಿನ ನೀರಲ್ಲಿ ಮೊಟ್ಟೆ ಎಲ್ಲ ಬೆಳ್ಳಗಾಗಿ ಕೆಟ್ಟವು. ನಮ್ಮ ಬೋರಿನ ನೀರು ಅಂದರೆ ಬೇಳೆ ಬೇಯಿಸಿದರೆ ಬೇಯುವುದಿಲ್ಲ, ಅಷ್ಟು ಗಡಸು. ಅಕ್ಕ ಕ್ಯಾನಿನಲ್ಲಿ ಕಾಲುವೆ ನೀರು ತಂದು, ಎರಡು ದಿನ ತಿಳಿಯಾಗಲು ಬಿಟ್ಟು, ಪಂಚೆಯಲ್ಲಿ ಸೋಸಿ ಪೆಟ್ಟಿಗೆಗೆ ಹಾಕಿದಳು. ಮುಂದಿನ ಸಲ ಮೊಟ್ಟೆ ಒಡೆದು ಮರಿ ಬಂದವು! ಕಣ್ಣಿಗೆ ಕಾಣದಷ್ಟು ಸಣ್ಣ ಬಾಲ ಅಲ್ಲಾಡಿಸುವ ಮರಿಗಳು. ಅವತ್ತು ಅಕ್ಕ ತನ್ನ ನೋಟುಬುಕ್ಕಿನಲ್ಲಿ 'ಕಾಲುವೆ ನೀರು ಸರಿ' ಎಂದು ಬರೆದು ಎರಡು ಗೆರೆ ಎಳೆದಳು. ನನಗೆ ಓದಿಯೂ ತೋರಿಸಿದಳು.

ಒಂದೇ ಮನೆಯ ಮೀನು ಒಂದಕ್ಕೊಂದು ಕೂಡಿದರೆ ಸಂತಾನ ಸಪ್ಪಗಾಗುತ್ತದೆ, ಬೇರೆ ಕಡೆಯ ಒಳ್ಳೆಯ ತಳಿ ತರಬೇಕು ಎಂದಳು. ತರಬೇಕೆಂದರೆ ಹೈದರಾಬಾದಿಗೆ ಹೋಗಬೇಕು. ಅದೇ ವಾರ ಕಕ್ಕೇರಾದಲ್ಲಿ ಅವಳ ನಾದಿನಿಯ ಮದುವೆ.

"ನಾ ಹೋಗ್ತೀನಿ ಯಕ್ಕಾ! ಸಂತ್ಯಾಗ ಮಾಲು ಆರಿಸೋದು ನನಗ ಹೇಳಿಕೊಡ್ತಿಯೇನು?"

"ಅದಕ್ಕ ನನಗ ಅಂಜಿಕಿ ಬರ್ತದ," ಅಂದಳು. ಆಮೇಲೆ ಕೂಡಿಸಿಕೊಂಡು ಹೇಳಿದಳು. "ನೋಡು, ಹಿಡಿಸೋಕಿಂತ ಮೊದಲ ಅವಕ್ಕ ತಿನ್ನಾಕ ಹಾಕಿಸು. ಯಾವ ಓಡಿ ಬಂದು ತಿಂತಾವ, ಅವನ್ನ ಹಿಡಿಸು. ಅಂಗಡಿಗಿ ಬಂದು ಎಂಟ್ಹತ್ತು ದಿನ ಆಗಿರಬೇಕು. ಈಗ ಇಳಿಸಿದ್ದು ಮಾತ್ರ ಬ್ಯಾಡ."

"ಹತ್ತು ದಿನದ ಹಳೇ ಮಾಲು ಯಾರರ ತಗೋತಾರೇನು?"

"ಇದು ಬದನಿಕಾಯಿ ಅಲ್ಲ ಹುಚ್ಚಿ. ಹಾದ್ಯಾಗ ಬಳಲಿದ ಮೀನಿನ ರೋಗ ಒಳಗ ಇರ್ತದ, ನಾಕು ದಿನಕ್ಕ ಹೊರಗ ಬೀಳ್ತದ. ಅದನ್ನ ದಾಟಿದ್ದು ಗಟ್ಟಿ ಮೀನು. ತಂದಮ್ಯಾಲೂ ಹಿತ್ತಲ ಸಿಮೆಂಟ್ ತೊಟ್ಟ್ಯಾಗ, ಬೋರಿನ ನೀರಾಗ, ಹದಿನೈದು ದಿನ ಬ್ಯಾರೆನ ಇಡಬೇಕು."

"ಹದಿನೈದು ದಿನಾ? ಬಾಣಂತಿನ್ನೂ ಹನ್ನೊಂದಕ್ಕ ಹೊರಗ ಬಿಡ್ತಾರಲ್ಲ!"

"ಇವಕ್ಕ ಹದಿನೈದು. ಕೈಬೆರಳು ಸಾಲಲಿಲ್ಲಂದ್ರ ಕಾಲಬೆರಳು ಎಣಸು."

ಹೈದರಾಬಾದಿನಲ್ಲಿ ಸೋದರತ್ತೆಯ ಮನೆಯಲ್ಲಿ ಉಳಿದು ಬೆಳಿಗ್ಗೆ ಮೀನಿನ ಓಣಿಗೆ ಹೋದೆ. ಏನು ಹೇಳಲಿ! ಎರಡೂ ಕಡೆ ಅಂಗಡಿ, ನೆಲದಿಂದ ಮೇಲಿನ ತಗಡಿನವರೆಗೂ ಗಾಜು, ಗಾಜಿನ ತುಂಬ ಬಣ್ಣ. ಕೆಂಪು, ಅರಿಸಿನ, ನವಿಲಿನ ಕತ್ತಿನ ನೀಲಿ. ಸೀರೆ ಅಂಗಡಿಗೆ ಜೀವ ಬಂದು ಈಜಿದಂತೆ. ನಾನು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಓಡಿದೆ, ಮತ್ತೆ ಮೊದಲನೆಯದಕ್ಕೇ ಬಂದೆ.

ಆ ಮೊದಲ ಅಂಗಡಿಯಲ್ಲಿ ಸಣ್ಣ ಏಂಜಲ್‌ಗಳಿದ್ದವು. ಬೆಳ್ಳಿ ಮೈಗೆ ಕರಿ ಪಟ್ಟೆ, ವಿಶೇಷವೇನಿಲ್ಲ. ನನ್ನ ಕೈ ನೆರಳು ಬಿದ್ದದ್ದೇ ತಡ, ಎಲ್ಲವೂ ತಿನ್ನಲು ಸಿಗುತ್ತದೆಂದು ಮೇಲಕ್ಕೆ ನುಗ್ಗಿದವು. ಬಂದು ಹತ್ತು ದಿನ ಆಯಿತು ಎಂದ ಅಂಗಡಿಯವ. ಅಕ್ಕ ಹೇಳಿದ್ದು ಇಂಥವನ್ನೇ. ಆದರೆ ನನ್ನ ಸಂತೆಯ ಬುದ್ಧಿ, ಇದು ಉಳಿದ ಮಾಲು, ಯಾರೂ ಒಯ್ಯದ್ದು, ಅಂದಿತು.

ಪಕ್ಕದ ಅಂಗಡಿಯಲ್ಲಿ ಆಗ ತಾನೇ ಬಂದ ಮಾಲಿನ ಡಬ್ಬ ಬಿಚ್ಚುತ್ತಿದ್ದರು. ಚೀಲದಿಂದ ಇಳಿದವು ನೋಡಿ, ಅವೂ ಏಂಜಲ್‌ಗಳೇ, ಆದರೆ ಕರಿ ಬಿಳಿ ಮೋಡ ಬೆರೆತಂಥ ಮೈ, ಸೆರಗಿನಂತೆ ಇಳಿಬಿದ್ದ ಉದ್ದ ರೆಕ್ಕೆ. "ಅಭೀಚ್ ಉತ್ರಾ ಮಾಲ್ ಹೈ ಆಪಾ, ಏಕ್‌ದಮ್ ತಾಜಾ," ಅಂದ ಅಂಗಡಿಯವ. ಈಗ ತಾನೇ ಇಳಿದ ಮಾಲು! ಆ ಮಾತು ಕೇಳಲಿಕ್ಕೆಂದೇ ನಾನು ಹುಟ್ಟಿನಿಂದ ಸಂತೆಯಲ್ಲಿ ಎಲ್ಲರಿಗಿಂತ ಮೊದಲು ಗಾಡಿಯ ಬಳಿ ನಿಂತವಳು. ತಿನ್ನಲು ಹಾಕು ಎಂದೆ. ಮೀನು ಅಲ್ಲಾಡಲಿಲ್ಲ. "ಬಸ್ಸಿನಿಂದ ಇಳಿದ ಕೂಡಲೇ ನೀವು ಊಟ ಮಾಡ್ತೀರಾ ಆಪಾ?" ಎಂದು ತನ್ನ ಭಾಷೆಯಲ್ಲಿ ಕೇಳಿದ. ನಾನು ಬಸ್ಸಿಳಿದು ಒಂದು ತಾಸು ನೀರನ್ನೂ ಕುಡಿಯುವವಳಲ್ಲ. ಹೌದಲ್ಲ ಎನ್ನಿಸಿತು. ಬಲೆ ಹಾಕಿದರೂ ಅವು ಓಡಲಿಲ್ಲ. ಎಂಥ ಗರತಿ ಮೀನುಗಳು, ಎಂದುಕೊಂಡೆ. ಓಡುವ ಶಕ್ತಿ ಇರಲಿಲ್ಲ ಎಂದು ತಿಳಿದದ್ದು ಆಮೇಲೆ.

ವಾಪಸು ಬರುವಾಗ ಬಸ್ಸಿನಲ್ಲಿ ಚೀಲಗಳನ್ನು ತೊಡೆಯ ಮೇಲಿಟ್ಟು ಸೆರಗು ಮುಚ್ಚಿದ್ದೆ. ಗುರುಮಿಠಕಲ್ಲಿನಲ್ಲಿ ಹತ್ತಿದ ಮುದುಕಿ ಸೆರಗೆತ್ತಿ ನೋಡಿದಳು.

"ಸಾರು ಮಾಡ್ತಿಯೇನಮ್ಮ?"

"ಇವು ತಿನ್ನೋವಲ್ಲವ್ವ, ನೋಡೋವು."

"ನೋಡಿದ್ರ ಹೊಟ್ಟಿ ತುಂಬ್ತದ?"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಮದುವೆಯ ದಿಬ್ಬಣ ತರುವವಳ ಹಾಗೆ ಉಬ್ಬಿ ಹೋಗಿದ್ದೆ.

ಬಂದ ಸಂಜೆ ಅಕ್ಕ ಹೇಳಿದಂತೆ ತೊಟ್ಟಿಗೇ ಬಿಟ್ಟೆ. ಸುಳ್ಳಲ್ಲ. ಆದರೆ ಮರುದಿನ, ಮದುವೆಗೆ ಹೋದ ಅಕ್ಕನ ಬದಲು ನಾನೇ ಅಂಗಡಿ ತೆರೆದಾಗ, ಹೊಸ ಮನೆ ಕಟ್ಟಿಸಿದವರು ಬಂದರು. ಗಂಡ, ಹೆಂಡತಿ, ಅತ್ತೆ, ಮೂವರೂ. "ಏನರ ಹೊಸಾದು ಬಂದದೇನ್ರಿ?" ಎಂದರು. ಬಂದದ್ದೆಲ್ಲ ಹಿತ್ತಲ ಕತ್ತಲಲ್ಲಿದೆ! ಸಂತೆಯಲ್ಲಿ ಯಾರಾದರೂ ತಾಜಾ ಮಾಲನ್ನು ಗೋಣಿಚೀಲದಡಿ ಇಟ್ಟು ಕೂಡುತ್ತಾರೆಯೇ? ಒಂದು ತಾಸಿನ ಮಟ್ಟಿಗೆ ಎಂದುಕೊಂಡು ದೀಪವಿದ್ದ ದೊಡ್ಡ ಪೆಟ್ಟಿಗೆಗೆ, ಅಕ್ಕನ ಜೋಡಿ ಮತ್ತು ಅವುಗಳ ಮರಿಗಳಿದ್ದ ಪೆಟ್ಟಿಗೆಗೆ, ಹೊಸ ಮೀನು ಬಿಟ್ಟೆ. ಅವರು ಬಾಯಿ ತೆರೆದು ನೋಡಿದರು. ಹೋಗಿ ಬರುವವರೆಲ್ಲ ನಿಂತು ನೋಡಿದರು. ನನಗೆ ತೆಗೆಯಲು ಮನಸ್ಸೇ ಬರಲಿಲ್ಲ.

ಮೂರನೇ ದಿನ ಅಕ್ಕನ ಹೆಣ್ಣು ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆಗೆದು ಮುಚ್ಚುತ್ತ ನಿಂತಿತು. ಕಿವಿರು ಉಬ್ಬಿತ್ತು. ಸಂಜೆಗೆ ಸತ್ತಿತು. ಮರುದಿನ ಗಂಡು ಸತ್ತಿತು. ಆಮೇಲೆ ಮರಿಗಳು, ಒಂದಾದ ಮೇಲೊಂದು. ಹೊಸ ಮೀನಿನಲ್ಲಿ ಮೂರು ಮಾತ್ರ ಉಳಿದವು. ಕೊನೆಯ ಮರಿ ಸತ್ತ ದಿನ ಅಕ್ಕ ಮದುವೆ ಮುಗಿಸಿ ಮೂರು ಗಂಟೆಯ ಬಸ್ಸಿಗೆ ಬರುವುದಿತ್ತು. ನಾನು ಎರಡೂವರೆಗೆ ಆ ಮೂರನ್ನು ಬಲೆಯಲ್ಲಿ ಹಿಡಿದು ತೊಟ್ಟಿಗೆ ಬಿಟ್ಟೆ. ಬಲೆ ಒಣಗಿಸಿ ಮೊಳೆಗೆ ಹಾಕಿದೆ.

ಅಕ್ಕ ಕೈತುಂಬ ಹಸಿರು ಬಳೆ, ಬುತ್ತಿಯಲ್ಲಿ ನನಗೆಂದು ಕಟ್ಟಿಸಿಕೊಂಡ ಮದುವೆಯ ಸಿಹಿ ಮಾದಲಿ, ಹೀಗೆ ಬಂದಳು. ಪೆಟ್ಟಿಗೆ ನೋಡಿ ಬುತ್ತಿ ಕೆಳಗಿಟ್ಟಳು.

"ಹೊಸಾವು ಇದರಾಗ ಬಿಟ್ಟಿದ್ದೇನು?"

"ಇಲ್ಲಕ್ಕಾ. ತೊಟ್ಟ್ಯಾಗನ ಅವ, ಹೋಗಿ ನೋಡು. ಆರಾಮ ಅವ."

ನೋಡಿ ಬಂದಳು. ಪೆಟ್ಟಿಗೆಯ ನೀರನ್ನು ಬೊಗಸೆಯಲ್ಲಿ ತೆಗೆದು ಮೂಸಿದಳು. ಅವಳು ಮತ್ತೇನಾದರೂ ಕೇಳುವ ಮೊದಲು ನಾನೇ ಹೇಳಿದೆ, "ನಿನ್ನ ಕಾಲುವಿ ನೀರಿಂದನ ಆಗಿರಬೇಕಕ್ಕ. ಮ್ಯಾಲಿನ ಗದ್ದಿಗೆಲ್ಲಾ ಎಣ್ಣಿ ಹೊಡ್ಯಾಕತ್ತಾರ." ಬೆಳೆಗೆ ಹೊಡೆಯುವ ಔಷಧಕ್ಕೆ ನಮ್ಮಲ್ಲಿ ಎಣ್ಣೆ ಅನ್ನುತ್ತೇವೆ. ಅಕ್ಕ ಕಣ್ಣಿಗೆ ಕಂಡದ್ದನ್ನು ನಂಬುವವಳು. ಬೋರಿನ ನೀರಿನ ಮೀನು ಬದುಕಿವೆ, ಕಾಲುವೆ ನೀರಿನವು ಸತ್ತಿವೆ. ನೋಟುಬುಕ್ಕು ತೆಗೆದು 'ಕಾಲುವೆ ನೀರು ಸರಿ' ಎಂದಿದ್ದ ಸಾಲನ್ನು ಹೊಡೆದು ಹಾಕಿದಳು. ನಾನು ಮಾದಲಿ ತಿಂದೆ. ತಿನ್ನದಿದ್ದರೆ ಅನುಮಾನ ಬರುತ್ತದೆಂದು ತಿಂದೆ.

ಆಮೇಲೆ ಎರಡು ವರ್ಷ ಅವಳು ಮತ್ತೊಂದು ಜೋಡಿ ಬೆಳೆಸಿ ಬೋರಿನ ನೀರಲ್ಲೇ ಪ್ರಯತ್ನಪಟ್ಟಳು. ಕಾಯಿಸಿದಳು, ಆರಿಸಿದಳು. ಎಷ್ಟು ಸಲ ಮೊಟ್ಟೆ ಇಟ್ಟವೋ ಅಷ್ಟೂ ಸಲ ಬೆಳ್ಳಗಾದವು. ಮೊದಲ ಸಲ ಮರಿ ಬಂದದ್ದೇ ಏನೋ ಆಕಸ್ಮಿಕ ಎಂದು ಗಿರಾಕಿಗಳ ಮುಂದೆ ತಾನೇ ತನ್ನನ್ನು ಆಡಿಕೊಳ್ಳುತ್ತಿದ್ದಳು. ನಾನು ಪ್ರತಿ ಸಲವೂ ಇವತ್ತು ಹೇಳುತ್ತೇನೆ ಎಂದು ಬಾಯಿ ತೆರೆದು, ಟೊಮೆಟೊ ಹಣ್ಣಿನ ಮಾತಾಡಿ ಬರುತ್ತಿದ್ದೆ.

ಒಂದು ಮುಂಜಾನೆ ಹೋದಾಗ ಅವಳು ಗಾಜಿನ ಪೆಟ್ಟಿಗೆ ಖಾಲಿ ಮಾಡುತ್ತಿದ್ದಳು.

"ಈ ಗ್ವಾಡಿಗಿ ನಾಯಿ ಆಹಾರದ ಚೀಲ ಹಚ್ಚತೀನಿ. ಮೀನು ಸಾಕು. ನನಗ ನೀರು ತಿಳಿಯಂಗಿಲ್ಲ ತಂಗಿ, ಸುಮ್ಮನ ಜಂಬ ಕೊಚಗೊಂಡೆ."

"ನಿನಗ ತಿಳಿತದ!" ನಾನು ಚೀರಿದೆ. ಪಂಜರದ ಹಕ್ಕಿಗಳೆಲ್ಲ ಬೆದರಿ ರೆಕ್ಕೆ ಬಡಿದವು. ಆಮೇಲೆ ಎಲ್ಲಾ ಹೇಳಿದೆ. ಈಗ ಇಳಿದ ಮಾಲು, ದೊಡ್ಡ ಪೆಟ್ಟಿಗೆ, ಎರಡೂವರೆ ಗಂಟೆ, ಬಲೆ.

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು. ಅವಳು ಒದ್ದೆ ಕೈಯಲ್ಲೇ ನೋಟುಬುಕ್ಕು ಎಳೆದುಕೊಂಡು ಸ್ಟೂಲಿನ ಮೇಲೆ ಕುಳಿತಳು.

"ಯಾವ ದಿನ ಬಿಟ್ಟಿ?"

"ತಂದ ಮರುದಿನ."

"ಮೊದಲು ಯಾವುದು ಸತ್ತಿತು, ನಂದೋ ಹೊಸಾದೋ?"

"ಹೊಸಾದು ಒಂದು. ಮುಂಜಾನಿ. ನಾ ಅದನ್ನ ತೆಗೆದು ಒಗದೆ."

"ಒಗದಿ!" ಅಂದಳು. ಬರೆದಳು. ಮತ್ತೆ ಕೇಳಿದಳು. ಪೊಲೀಸರೂ ಅಷ್ಟು ಕೇಳುವುದಿಲ್ಲ. ಕೇಳುತ್ತ ಕೇಳುತ್ತ ಅವಳ ಮುಖ ಬೇರೆಯಾಯಿತು. ಎದ್ದು ನಿಂತಳು.

"ಅಂದ್ರ ನೀರು ಕೆಟ್ಟಿರಲಿಲ್ಲ."

"ಇಲ್ಲಕ್ಕಾ."

"ನೀರು ಕೆಟ್ಟಿರಲಿಲ್ಲ! ನಾ ಬರದದ್ದು ಖರೇ ಇತ್ತು!" ಎಂದು ಎರಡೂ ಕೈಯಿಂದ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ಸಂತೋಷಕ್ಕೋ ಸಿಟ್ಟಿಗೋ ನನಗೆ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಿರಲಿಕ್ಕಿಲ್ಲ. ಆಮೇಲೆ ಬಿಟ್ಟು, ಮೆಲ್ಲಗೆ, "ನನ್ನ ಎರಡು ವರ್ಷ ತಿಂದೀ ನೀ," ಎಂದಳು.

ಕಾಲುವೆಗೆ ನೀರು ಬಿಟ್ಟಿದ್ದರು. ಅದೇ ದಿನ ಆಟೋದಲ್ಲಿ ಕ್ಯಾನು ಹೇರಿಕೊಂಡು ಹೋದಳು. ಮರುವಾರ ಹೈದರಾಬಾದಿಗೂ ಹೋದೆವು. ನಾನು ಚೀಲ ಹಿಡಿಯಲು ಮಾತ್ರ, ಬಾಯಿ ತೆಗೆಯುವಂತಿಲ್ಲ ಎಂಬ ಕರಾರಿನ ಮೇಲೆ. ಅಕ್ಕ ಒಂದೊಂದು ಅಂಗಡಿಯ ಮುಂದೆ ಅರ್ಧ ತಾಸು ನಿಂತಳು. ತಿನ್ನಲು ಹಾಕಿಸಿದಳು. ಗಾಜಿನ ಮೂಲೆಯಲ್ಲಿ ಸತ್ತದ್ದೊಂದು ಕಂಡರೆ ಆ ಅಂಗಡಿಯನ್ನೇ ಬಿಟ್ಟಳು. ಕೊನೆಗೆ ಆರಿಸಿದ್ದು ಸಣ್ಣವು, ಬೆಳ್ಳಿ ಮೈಯವು, ಜಗಳಗಂಟವು. ಒಂದರ ಬಾಯಿಂದ ಇನ್ನೊಂದು ತುತ್ತು ಕಸಿಯುತ್ತಿತ್ತು. "ಇಂಥಾವು ಬೇಕು," ಎಂದಳು. ಅವಳ ಕಣ್ಣು ಹೊಳೆಯುತ್ತಿದ್ದವು. ನನಗೂ ಆಗ ಅವುಗಳ ಗಟ್ಟಿತನ ಕಂಡಿತು. ಒಮ್ಮೆ ಕಂಡ ಮೇಲೆ ಬಣ್ಣದ ಕಡೆ ಕಣ್ಣೇ ಹೋಗಲಿಲ್ಲ.

ಹದಿನೈದು ದಿನ ತೊಟ್ಟಿಯಲ್ಲಿ ಇದ್ದವು. ಬಲೆಯನ್ನು ಅಕ್ಕ ಬೀರುವಿನಲ್ಲಿ ಇಟ್ಟು ಕೀಲಿ ಹಾಕಿದ್ದಳು. ನನಗೆ ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅವು ಬೆಳೆದು ಜೋಡಿಯಾಗುವಷ್ಟರಲ್ಲಿ ಮುಂದಿನ ಹಂಗಾಮು ಬಂತು. ಒಂದು ಬೆಳಿಗ್ಗೆ ನಾನು ಸುರಪುರದ ಸಂತೆಗೆ ಬುಟ್ಟಿ ಹೊತ್ತು ಹೊರಟವಳು ಅಂಗಡಿಯ ಮುಂದೆ ಹಾಯುತ್ತಿದ್ದೆ. ಒಳಗಿನಿಂದ ಅಕ್ಕ ಕೂಗಿದಳು. ಬುಟ್ಟಿ ಹೊಸ್ತಿಲಲ್ಲೇ ಬಿಟ್ಟು ಓಡಿದೆ. ಕಾಲುವೆ ನೀರಿನ ಪೆಟ್ಟಿಗೆಯಲ್ಲಿ ಎಲೆಯ ಮೇಲೆ ಮೊಟ್ಟೆಗಳು ಒಡೆದಿದ್ದವು. ಎಲೆ ತುಂಬ ಬಾಲಗಳು ನಡುಗುತ್ತಿದ್ದವು. ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಎಷ್ಟೋ ಹೊತ್ತಿನ ಮೇಲೆ ಏನೋ ನೆನಪಾದವಳಂತೆ ಕೈ ಬಿಟ್ಟಳು.

ಹೊರಗೆ ಹೋಗು ಎನ್ನಲಿಲ್ಲ. "ಗಾಜಿಗೆ ಮೂಗು ಹಚ್ಚಬ್ಯಾಡ, ತಾಯಿ ಅಂಜತದ," ಎಂದಳಷ್ಟೇ. ನಾನು ಒಂದು ಹೆಜ್ಜೆ ಹಿಂದೆ ಸರಿದು, ಅವಳ ಪಕ್ಕದಲ್ಲೇ ನಿಂತೆ. ಸಂತೆಗೆ ಅವತ್ತು ತಡವಾಗಿ ಹೋದೆ.