ಪ್ರಿಂಟರಿಗೆ ಹೇಳಿದ ಸುಳ್ಳು

ಹೋದ ತಿಂಗಳು ನಾನೊಂದು ಯಂತ್ರಕ್ಕೆ ಸುಳ್ಳು ಹೇಳಿದೆ. ಅದು ನಂಬಿತು!

ಪಕ್ಕದ ಮನೆಯ ಮೆಕ್ಯಾನಿಕ್ ಸಾಹೇಬರ ಮಗಳು ಶಬಾನಾ ನರ್ಸಿಂಗ್ ಕಾಲೇಜಿಗೆ ಅರ್ಜಿ ಕಳಿಸಬೇಕಿತ್ತು. ಅಂದೇ ಟಪಾಲಿಗೆ ಬೀಳಬೇಕು. ಪೇಟೆಯ ಕಂಪ್ಯೂಟರ್ ಅಂಗಡಿಗೆ ಬೀಗ. "ನಮ್ಮ ಮನ್ಯಾಗ ಹೊಸಾ ಪ್ರಿಂಟರ್ ಐತಿ, ಬಾ" ಎಂದು ಕರೆದವಳು ನಾನೇ. (ಹೊಸ ವಸ್ತು ತಂದು ನಾಲ್ಕು ಜನಕ್ಕೆ ತೋರಿಸದಿದ್ದರೆ ಹೇಗೆ?)

ಸೊಸೆ ವೀಣಾ ಪ್ರಿಂಟರಿನ ಜೊತೆ ಬಂದ ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿದಳು. ನಮಗೆ ಬೇಕಿದ್ದದ್ದು ಒಂದು ಹಾಳೆ. ಒಳಗೆ ಬಂದದ್ದು ಫೋಟೋ ಆಲ್ಬಂ, ಗ್ರೀಟಿಂಗ್ ಕಾರ್ಡ್ ಮಾಡುವವ, ಮಸಿ ಮುಗಿದರೆ ನೆನಪಿಸುವವ, ಅವನು ನೆನಪಿಸಿದನೋ ಇಲ್ಲವೋ ಎಂದು ನೋಡುವವ. ಒಬ್ಬ ಬೀಗರನ್ನು ಊಟಕ್ಕೆ ಕರೆದರೆ ಟೆಂಪೋ ತುಂಬ ಬಂದಿಳಿದ ಹಾಗೆ! ಕಂಪ್ಯೂಟರನ್ನು ಎರಡು ಸಲ ಬಂದ್ ಮಾಡಿ ಚಾಲೂ ಮಾಡಿದ್ದಾಯಿತು. ಗಂಟೆ ಮೂರು.

ಕೊನೆಗೆ ಪರದೆಯ ಮೇಲೊಂದು ಚೌಕ ಮೂಡಿತು. ವೀಣಾ ಓದಿದಳು.

"ಈ ಕಾಗದ ಅದಕ್ಕ ಒಗ್ಗಂಗಿಲ್ಲಂತ್ರಿ ಅತ್ತಿ. ತಮ್ಮ ಕಂಪನೀದ ಹಾಕ್ಬೇಕಂತ."

ಇದು ನಮ್ಮವರ ಕಿವಿಗೆ ಬಿತ್ತು. ದಾಂಡೇಲಿಯ ಮಿಲ್ಲಿನಲ್ಲಿ ಮೂವತ್ತು ವರ್ಷ ಕಾಗದ ಪರೀಕ್ಷೆ ಮಾಡಿ ರಿಟೈರ್ ಆದವರು; ಪ್ರಿಂಟರಿಗೆ ಹಾಕಿದ್ದೂ ಆ ಮಿಲ್ಲಿನದೇ ಕಾಗದ. ಮಿಲ್ ಮಂದಿ ಲಗ್ನಪತ್ರಿಕೆ ಕೊಟ್ಟರೂ ಮೊದಲು ಬೆರಳಲ್ಲಿ ತಿಕ್ಕಿ ನೋಡುತ್ತಾರೆ. ಮದುವೆ ಯಾರದೆಂಬುದು ಆಮೇಲೆ.

"ಯಾರಂವ, ನಮ್ಮ ಕಾಗದಕ್ಕ ಹೆಸರಿಡಾಂವ?"

ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ, ಕಿವಿಯ ಹತ್ತಿರ ಸರ್ರನೆ ಆಡಿಸಿ, ಮತ್ತೆ ಜೋಡಿಸಿ ಇಟ್ಟರು. ಮತ್ತೆ ಅದೇ ಚೌಕ. ಹಾಳೆ ತಿರುಗಿಸಿದರು. ಅದೇ ಚೌಕ.

"ಅಜ್ಜಾ, ನಾಲ್ಕಕ್ಕ ಟಪಾಲ್ ಹೋಗ್ತೈತ್ರಿ" ಎಂದಳು ಶಬಾನಾ. "ಇವತ್ತ ತಪ್ಪಿದ್ರ ಈ ವರ್ಷ ಹೋತು. ಮುಂದಿನ ವರ್ಷ ಅಬ್ಬಾ ಕಳಸ್ತಾರೋ ಇಲ್ಲೋ."

ನಾನು ಫೋನಿನಲ್ಲಿ ಟೈಪ್ ಮಾಡಲು ಕಲಿತು ಆಗ ಹದಿನೈದೇ ದಿನ. ಆದರೆ ಒಂದು ಪಾಠ ಕಲಿತಿದ್ದೆ. ಗುಂಡಿ ಒತ್ತಿದರೆ ಯಾರೂ ಸಾಯುವುದಿಲ್ಲ.

"ಯಾವ ಕಾಗದ ಅಂತ ಅದು ಕೇಳ್ತೈತೇನ ವೀಣಾ?"

"ಹೂಂ, ಪಟ್ಟಿ ಐತ್ರಿ."

"ಅವರ್ದ ಅಂತ ಒತ್ತು."

ಅವಳು ಮಾವನ ಮುಖ ನೋಡಿದಳು. ನಾನು ನೋಡಲಿಲ್ಲ. ನಾನೇ ಒತ್ತಿದೆ.

ಗುರ್ರ್ ಎಂದು ಅರ್ಜಿ ಹೊರಬಂತು! ಶಬಾನಾ ಚಪ್ಪಲಿ ಮೆಟ್ಟದೆ ಓಡಿದಳು.

ಇವರು ಮಾತ್ರ ಕೂತಲ್ಲೇ ಕೂತಿದ್ದರು. "ನಮ್ಮ ಕಾಗದಾನ ಮಂದಿ ಹೆಸರ್ಲೆ ಕಳಿಸಿದೆಲ್ಲ, ನೀನು!" ಅಂದಿನಿಂದ ಮುನಿಸು. ಚಹಾ ಸಹ ಬೇಡವೆಂದರು. (ಎರಡನೇ ಕಪ್ಪು ಮಾತ್ರ.) ನಿಜ ಹೇಳುತ್ತೇನೆ, ನನಗೂ ಚುಚ್ಚಿತು. ಈ ಮನೆಯ ಅನ್ನ ಆ ಕಾಗದದ್ದೇ ಅಲ್ಲವೇ?

ನಿನ್ನೆ ಶಬಾನಾ ಕಾಲೇಜಿನ ಪತ್ರ ಹಿಡಿದು ಬಂದಳು. ಇವರು ಅವಳ ಕೈಯಿಂದ ತೆಗೆದುಕೊಂಡು ತಿಕ್ಕಿದರು, ಕಿಟಕಿಯ ಬೆಳಕಿಗೆ ಹಿಡಿದರು. ಮುಖ ಅರಳಿತು.

"ನಮ್ಮದ! ನಮ್ಮ ಮಿಲ್ಲಿನ ಕಾಗದ!"

"ಸೀಟ್ ಸಿಕ್ಕೈತೋ ಇಲ್ಲೋ, ಅದನ್ನರ ಓದ್ರಿ ಮೊದ್ಲ!" ಎಂದೆ.

ಸಿಕ್ಕಿತ್ತು. ಮನೆಯಲ್ಲಿ ಶಿರಾ ಆಯಿತು. ಇವರು ಎರಡನೇ ಕಪ್ಪು ಚಹಾವನ್ನೂ ಕುಡಿದರು.

ಅದು ಸರಿ, ಆ ಕಾಲೇಜಿನ ಪ್ರಿಂಟರಿಗೆ ಸುಳ್ಳು ಹೇಳಿದ ಅಜ್ಜಿ ಯಾರು?